ಮೂರನೇ ಮಹಡಿಯ ಕಿಟಕಿಗೆ ನೀರು

ಆ ಪಾಲಿಟೆಕ್ನಿಕ್ಕಿನಲ್ಲಿ ಓದಿದ ಯಾರನ್ನಾದರೂ ತಡೆದು ನಿಲ್ಲಿಸಿ ಕೇಳಿ ನೋಡಿ, ನೀರಿನ ಪಾಠ ಮಾಡುತ್ತಿದ್ದ ಮೇಡಂ ಹೆಸರೇನು ಎಂದು. ತಲೆ ಕೆರೆದುಕೊಳ್ಳುತ್ತಾರೆ. ಎಮ್ಮೆಲ್ಟಿ ಮೇಡಂ ಅನ್ನಿ, ತಕ್ಷಣ ಮುಖ ಅರಳುತ್ತದೆ. ಎಂ ಅಂದರೆ ದ್ರವ್ಯರಾಶಿ, ಎಲ್ ಅಂದರೆ ಉದ್ದ, ಟಿ ಅಂದರೆ ಕಾಲ. ನೀರು ಹರಿಯಲಿ, ಗಾಳಿ ಬೀಸಲಿ, ಹಡಗು ತೇಲಲಿ, ಎಲ್ಲವೂ ಈ ಮೂರರಲ್ಲೇ ಅಡಗಿದೆ ಎಂದು ಅವರು ವರ್ಷಗಟ್ಟಲೆ ಗಂಟಲು ಹರಿದುಕೊಂಡು ಹೇಳಿದ್ದರು. ಹೆಸರು ಅಂಟದೆ ಇನ್ನೇನಾಗುತ್ತದೆ? ಮೇಡಂಗೂ ಗೊತ್ತಿತ್ತು. ಬೇಸರ ಪಡುವ ಜಾತಿಯಲ್ಲ ಅವರು.

ಮನೆಯಲ್ಲೂ ಅದೇ ಗೀಳು. ಗಂಡ ಬಟ್ಟೆ ಹೊಲಿಯುವ ದರ್ಜಿ. ಮನೆಯ ಮುಂಗೋಣೆಯೇ ಅವರ ಅಂಗಡಿ. ಸಂಜೆ ಹೊಲಿಗೆ ಯಂತ್ರದಿಂದ ಎದ್ದು ಸೊಂಟ ಹಿಡಿದುಕೊಂಡು, "ಅಬ್ಬಾ, ಇವತ್ತು ತುಂಬಾ ಕೆಲಸ ಆಯ್ತು" ಅಂದರೆ ಸಾಕು, ಒಳಗಿನಿಂದ ದನಿ ಬರುತ್ತಿತ್ತು.

"ತುಂಬಾ ಅಂದ್ರೆ ಎಷ್ಟು? ಮೀಟರ್ ಲೆಕ್ಕದಲ್ಲಾ, ಗಂಟೆ ಲೆಕ್ಕದಲ್ಲಾ?"

"ನೋಡಿ ಮೇಡಮ್ಮೋರೆ, ಈ ಮನೇಲಿ ನಿಟ್ಟುಸಿರು ಬಿಟ್ಟರೂ ಅಳತೆ ಕೊಡ್ಬೇಕು ಅಂದ್ರೆ ನಾನು ಉಸಿರಾಡೋದೇ ನಿಲ್ಲಿಸಿಬಿಡ್ತೀನಿ" ಎಂದು ಗಂಡ ಕೈ ಮುಗಿಯುತ್ತಿದ್ದರು. ಇಬ್ಬರೂ ನಗುತ್ತಿದ್ದರು. ಮದುವೆಯಾದಾಗಿನಿಂದ ಇದೇ ನಾಟಕ, ಇಬ್ಬರಿಗೂ ಸಾಕಾಗಿರಲಿಲ್ಲ.

ಮೇಡಂನ ಮೊದಲ ದಿನದ ಪಾಠ ಕೇಳಿದವರು ಅದನ್ನು ಮರೆಯುವುದಿಲ್ಲ. ತಳದಲ್ಲಿ ತೂತಿರುವ ಒಂದು ಡಬ್ಬಕ್ಕೆ ನೀರು ತುಂಬಿಸಿ ಮೇಜಿನ ಮೇಲಿಟ್ಟು, "ಈ ನೀರು ಎಷ್ಟು ಜೋರಾಗಿ ಹೊರಗೆ ಬರತ್ತೆ? ಸೂತ್ರ ಯಾರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ ಅಂತಿಟ್ಕೊಳ್ಳಿ" ಎಂದು ಶುರು ಮಾಡುತ್ತಿದ್ದರು. ಗೊತ್ತಿರುವುದು ಮೂರೇ ಸಂಗತಿ. ನೀರಿನ ಎತ್ತರ, ಭೂಮಿಯ ಸೆಳೆತ, ನೀರಿನ ಸಾಂದ್ರತೆ. ನಮಗೆ ಬೇಕಾದ್ದು ವೇಗ. ವೇಗದಲ್ಲಿ ಮೀಟರ್ ಇದೆ, ಸೆಕೆಂಡ್ ಇದೆ, ಕಿಲೋಗ್ರಾಂ ಇಲ್ಲ. ಸಾಂದ್ರತೆಯಲ್ಲಿ ಕಿಲೋಗ್ರಾಂ ಇದೆ, ಅದನ್ನು ಹೊಡೆದುಹಾಕಲು ಬೇರೆ ಯಾರಲ್ಲೂ ಕಿಲೋಗ್ರಾಂ ಇಲ್ಲ. "ಜೊತೆ ಸಿಗಲಿಲ್ಲ, ಪಾಪ, ಸಾಂದ್ರತೆ ಮನೆಗೆ ಹೋಯ್ತು" ಎಂದು ಮೇಡಂ ಅದನ್ನು ಅಳಿಸಿಬಿಡುತ್ತಿದ್ದರು. ಉಳಿದ ಎರಡನ್ನು ಹೇಗೆ ಹೊಂದಿಸಿದರೂ ವೇಗ ಬರುವ ದಾರಿ ಒಂದೇ, ಎತ್ತರವನ್ನು ಸೆಳೆತದಿಂದ ಗುಣಿಸಿ ವರ್ಗಮೂಲ ತೆಗೆಯುವುದು. ಎಣ್ಣೆಯಾದರೂ ಅಷ್ಟೇ, ನೀರಾದರೂ ಅಷ್ಟೇ. ಹುಡುಗರು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು.

"ಆದ್ರೆ ಒಂದು ಮಾತು" ಎಂದು ಮೇಡಂ ಬೆರಳೆತ್ತುತ್ತಿದ್ದರು. "ಅದರ ಮುಂದೆ ಯಾವ ಅಂಕಿ ಬರತ್ತೆ ಅಂತ ಈ ವಿದ್ಯೆ ಹೇಳಲ್ಲ. ಅದಕ್ಕೆ ಒಂದ್ಸಲ ಕೈ ಒದ್ದೆ ಮಾಡ್ಕೊಳ್ಳಲೇಬೇಕು."

ಎರಡನೇ ಪಾಠಕ್ಕೆ ಒಂದು ಗೊಂಬೆಯ ಅಂಗಿ ಬರುತ್ತಿತ್ತು. ಗಂಡನ ಕೈಯಲ್ಲಿ ಹೊಲಿಸಿದ್ದು. ದೊಡ್ಡವರ ಅಂಗಿಯ ಪ್ರತಿಯೊಂದು ಅಳತೆಯನ್ನೂ ಹತ್ತರಲ್ಲಿ ಒಂದು ಪಾಲು ಮಾಡಿ, ಅದೇ ಬಟ್ಟೆಯಲ್ಲಿ ಹೊಲಿದ ಅಂಗಿ. ಅದನ್ನು ಮೇಜಿನ ಮೇಲಿಟ್ಟರೆ ಮಡಚಿ ಬೀಳುತ್ತಿರಲಿಲ್ಲ, ತಗಡಿನ ಹಾಗೆ ಸೆಟೆದು ನಿಲ್ಲುತ್ತಿತ್ತು. ಉದ್ದ ಅಗಲ ಚಿಕ್ಕದಾದವು, ಬಟ್ಟೆಯ ದಪ್ಪ ಮಾತ್ರ ಚಿಕ್ಕದಾಗಲಿಲ್ಲವಲ್ಲ! "ಚಿಕ್ಕ ಮಾದರಿ ಮಾಡಿ ದೊಡ್ಡದರ ಗುಟ್ಟು ಕೇಳುವಾಗ, ಯಾವುದು ಚಿಕ್ಕದಾಗಿದೆ, ಯಾವುದು ಆಗಿಲ್ಲ ಅಂತ ಮೊದಲು ನೋಡ್ರಪ್ಪಾ. ಯಾವ ಅನುಪಾತವನ್ನೂ ಕೇಳದೆ ಹೊರಗೆ ಹಾಕ್ಬೇಡಿ." ಆಮೇಲೆ ಆ ಅಂಗಿ ಮನೆಗೆ ಬಂದು ಅಂಗಡಿಯ ಮೊಳೆಗೆ ನೇತುಬೀಳುತ್ತಿತ್ತು.

ಇಂಥ ಮೇಡಂ ಒಂದು ಸಲ ಚೆನ್ನಾಗಿ ಮುಗ್ಗರಿಸಿದರು. ಅದೇ ಕತೆ ಈಗ ಹೇಳುವುದು.

ಮೇಡಂಗೆ ಒಬ್ಬಳು ತಂಗಿ. ಊರಿನ ದೊಡ್ಡಾಸ್ಪತ್ರೆಯ ಮೂರನೇ ಮಹಡಿಯಲ್ಲಿ, ಕೈಕಾಲು ಮುರಿದುಕೊಂಡ ಮಕ್ಕಳ ವಾರ್ಡಿನಲ್ಲಿ ಹಿರಿಯ ನರ್ಸು. ಒಂದು ರಜದ ದಿನ ಬಂದವಳು ಚಪ್ಪಲಿ ಬಿಡುವ ಮೊದಲೇ ಶುರುವಿಟ್ಟುಕೊಂಡಳು.

"ಅಕ್ಕಾ, ನಮ್ಮ ಮಕ್ಕಳಿಗೆ ಕಿಟಕೀಲಿ ನೋಡೋಕೆ ಏನೂ ಇಲ್ಲ ಕಣೆ. ಕಾಲು ಮೇಲಕ್ಕೆ ಕಟ್ಟಿಸ್ಕೊಂಡು ಅಂಗಾತ ಮಲಗಿರ್ತವೆ. ಎದ್ದು ಬಗ್ಗಿ ನೋಡೋ ಹಾಗಿಲ್ಲ. ಬರೀ ಆಕಾಶ. ಒಂದು ಕಾಗೆ ಹಾರಿದ್ರೆ ದಿನವೆಲ್ಲ ಅದೇ ಮಾತು."

ಕಿಟಕಿಯ ಕೆಳಗೆ ಅಂಗಳದಲ್ಲಿ ಒಂದು ದುಂಡನೆ ಕೊಳವಿತ್ತು. ಹಿಂದೆ ಯಾವಾಗಲೋ ಕಾರಂಜಿ ಇದ್ದದ್ದು ಈಗ ಒಣಗಿ, ಎಲೆ ಕಸ ತುಂಬಿಕೊಂಡಿತ್ತು. ಅದಕ್ಕೆ ಮಣ್ಣು ಹಾಕಿ ಸ್ಕೂಟರ್ ನಿಲ್ಲಿಸುವ ಜಾಗ ಮಾಡಬೇಕೆಂದು ಆಸ್ಪತ್ರೆಯ ಮ್ಯಾನೇಜರ್ ಸಾಹೇಬರು ಹೊರಟಿದ್ದರು. ತಂಗಿ ಅಡ್ಡ ನಿಂತು ಜಗಳವಾಡಿದ್ದಳು. ಕೊನೆಗೆ ಅವರು, "ಸಿಸ್ಟರ್, ನಿಮ್ಮ ಅಕ್ಕ ನೀರಿನ ಮೇಡಂ ಅಲ್ವಾ? ಮಲಗಿರೋ ಮಕ್ಕಳಿಗೆ ನೀರು ಕಾಣಿಸ್ಲಿ, ಕೊಳ ಉಳಿಸ್ತೀನಿ. ಕಾಣಿಸಲಿಲ್ಲ ಅಂದ್ರೆ ತಿಂಗಳ ಕೊನೆಗೆ ಮಣ್ಣು ಬೀಳತ್ತೆ. ಪಂಪು ಹೊಸದು ಕೇಳ್ಬೇಡಿ, ಇರೋದರಲ್ಲೇ ಆಗ್ಬೇಕು. ಮತ್ತೆ ನಾಲ್ಕು ಚಿಲುಮೆ ಇರ್ಲಿ, ನಾಲ್ಕಿದ್ರೆ ಲಕ್ಷಣ" ಎಂದಿದ್ದರು.

"ಅದಕ್ಕೇನಂತೆ, ಮಾಡೋಣ ಬಿಡೇ" ಎಂದರು ಮೇಡಂ. ಒಳಗೊಳಗೆ ಕುಣಿಯುವಷ್ಟು ಖುಷಿ ಅವರಿಗೆ. ಇಷ್ಟು ವರ್ಷ ಬೋರ್ಡಿನ ಮೇಲೆ ಹರಿಸಿದ ನೀರು ಈಗ ನಿಜವಾಗಿ ಹಾರಲಿತ್ತು.

ಮರುದಿನವೇ ವಾರ್ಡಿಗೆ ಹೋದರು. ಹೋದವರು ಮಾಡಿದ ಮೊದಲ ಕೆಲಸ, ಖಾಲಿ ಇದ್ದ ಒಂದು ಹಾಸಿಗೆಯ ಮೇಲೆ ಅಂಗಾತ ಮಲಗಿದ್ದು. ಮಕ್ಕಳೆಲ್ಲ ಕಿಸಕ್ಕೆಂದರು. ಪಕ್ಕದ ಹಾಸಿಗೆಯಿಂದ ಒಂದು ಸಣ್ಣ ದನಿ ಕೇಳಿತು.

"ಯಾಕೆ ಮಲ್ಕೊಂಡ್ರಿ? ನಿಮಗೂ ಕಾಲು ಮುರಿದಿದ್ಯಾ?"

ಅವಳೇ ಯಾಕಮ್ಮ. ಎಂಟು ವರ್ಷವೋ ಒಂಬತ್ತೋ ಇರಬೇಕು. ಮರದಿಂದ ಬಿದ್ದು ತೊಡೆಯ ಮೂಳೆ ಮುರಿದುಕೊಂಡು, ಕಾಲಿಗೆ ಭಾರ ಕಟ್ಟಿಸಿಕೊಂಡು ವಾರಗಟ್ಟಲೆಯಿಂದ ಮಲಗಿದ್ದಳು. ಬಾಯಿ ತೆರೆದರೆ "ಯಾಕೆ" ಅನ್ನುವ ಮಾತು ಮೊದಲು ಬರುತ್ತಿದ್ದುದರಿಂದ ವಾರ್ಡಿನವರು ಇಟ್ಟ ಹೆಸರು ಅದು.

"ಇಲ್ಲಮ್ಮ, ನಿನಗೆ ಎಲ್ಲಿಂದ ಏನು ಕಾಣತ್ತೆ ಅಂತ ನೋಡ್ತಿದೀನಿ. ಈ ಕಿಟಕೀಲಿ ನೀರು ಬರೋ ಹಾಗೆ ಮಾಡ್ತೀನಿ."

"ನೀರು ಮೇಲಕ್ಕೆ ಯಾಕೆ ಬರತ್ತೆ? ಅದು ಕೆಳಗೆ ತಾನೇ ಹೋಗೋದು?"

"ನಾನು ಹೇಳಿದ್ರೆ ಬರತ್ತೆ."

"ಸುಳ್ಳು" ಎಂದಳು ಯಾಕಮ್ಮ. "ಬಂದ್ರೆ ಆ ಕಹಿ ಔಷಧೀನ ಮುಖ ಕಿವುಚದೆ ಕುಡೀತೀನಿ, ಹೋಗಿ."

ಪಂಥ ಕಟ್ಟಿಯಾಯಿತು. ಹಾಸಿಗೆಯಿಂದ ನೋಡಿದರೆ ಕಿಟಕಿಯ ಕೆಳಗಿನದೆಲ್ಲ ಗೋಡೆಗೆ ಮರೆಯಾಗುತ್ತಿತ್ತು. ನೀರು ನೆಲದಿಂದ ಹನ್ನೆರಡು ಮೀಟರ್ ಏರಿದರೆ ಮಾತ್ರ ಮಕ್ಕಳ ಕಣ್ಣಿಗೆ ಬೀಳುತ್ತಿತ್ತು. ಹಳೆಯ ಪಂಪನ್ನು ಬಿಚ್ಚಿ ಸರಿಮಾಡಿದ ಪಂಪಿನ ಮೇಸ್ತ್ರಿ, ಅದು ನೀರನ್ನು ಹದಿನೈದು ಮೀಟರ್ ಎತ್ತುವಷ್ಟು ತಳ್ಳುತ್ತದೆ, ಅದಕ್ಕಿಂತ ಒಂದು ಗೇಣೂ ಹೆಚ್ಚಿಲ್ಲ ಎಂದ. ನಡುವಿನ ಮೂರು ಮೀಟರನ್ನು ಗಾಳಿ ತಿಂದುಬಿಡುತ್ತದೆಯೋ ಇಲ್ಲವೋ, ಅದೇ ಪ್ರಶ್ನೆ.

ಮೇಡಂ ಹಿತ್ತಲಿನಲ್ಲಿ ಹತ್ತರಲ್ಲಿ ಒಂದು ಪಾಲಿನ ಮಾದರಿ ಕಟ್ಟಿದರು. ಮೀನಿನ ತೊಟ್ಟಿಯ ಪಂಪು, ಬಟ್ಟೆ ತೊಳೆಯುವ ಬೋಗುಣಿ, ನೀರು ಚಿಮ್ಮುವ ಮೂತಿಗಳಿಗೆ ತಂಗಿ ತಂದುಕೊಟ್ಟ ನಾಲ್ಕು ಇಂಜೆಕ್ಷನ್ ಸೂಜಿ. ಆಸ್ಪತ್ರೆಯ ಗೋಡೆಯ ಬದಲು ಒಂದು ಹಲಗೆ. ಕಿಟಕಿ ಎಲ್ಲಿದೆಯೋ ಅಲ್ಲಿ ಗಂಡ ಒಂದು ಕೆಂಪು ಗುಂಡಿ ಹೊಲಿದುಕೊಟ್ಟರು. ಹಲಗೆಗೆ ಗುಂಡಿ ಹೇಗೆ ಹೊಲಿದಿರಿ ಎಂದರೆ, ಅದು ನಮ್ಮ ಕಸುಬಿನ ಗುಟ್ಟು ಎಂದರು.

ಹಾಳೆಯ ಮೇಲೆ ಲೆಕ್ಕಕ್ಕೆ ಬಂದದ್ದು ಮೂರು ಅನುಪಾತ. ಒಂದು, ನೀರಿನ ಎತ್ತರ ಮೂತಿಯ ದಪ್ಪದ ಎಷ್ಟು ಪಟ್ಟು ಎಂಬುದು. ಎರಡು, ಗಾಳಿಗಿಂತ ನೀರು ಎಷ್ಟು ಪಟ್ಟು ಭಾರ ಎಂಬುದು. ಮೂರು, ನೀರು ನುಗ್ಗುವ ಬಲಕ್ಕೂ ನೀರಿನ ಮೈಯ ಬಿಗಿತಕ್ಕೂ ಇರುವ ಅನುಪಾತ. ಹನಿಯನ್ನು ದುಂಡಗೆ ಹಿಡಿದಿಡುತ್ತದಲ್ಲ, ಆ ಬಿಗಿತ. ಮೊದಲೆರಡು ಅನುಪಾತ ಮಾದರಿಯಲ್ಲಿ ಎಷ್ಟೋ, ಆಸ್ಪತ್ರೆಯಲ್ಲೂ ಅಷ್ಟೇ. ಮೂರನೆಯದನ್ನು ನೋಡಿ ಮೇಡಂ, "ಇದು ಚಿಲ್ಲರೆ, ಬಿಡು" ಎಂದು ಗೆರೆ ಎಳೆದುಬಿಟ್ಟರು. ಸಂಭ್ರಮದಲ್ಲಿ ಕೈ ಓಡಿತು, ಅಷ್ಟೇ.

ಪಂಪು ಹಾಕಿದರೆ ನಾಲ್ಕು ಧಾರೆಗಳು ಗಾಜಿನ ಎಳೆಗಳಂತೆ ನೆಟ್ಟಗೆ ಎದ್ದು ಕೆಂಪು ಗುಂಡಿಯನ್ನು ದಾಟಿ ಬಾಗಿದವು. ಗಂಡ ಚಪ್ಪಾಳೆ ತಟ್ಟಿದರು. ಮೇಡಂ ಸೆರಗಿನಲ್ಲಿ ಮುಖ ಒರೆಸಿಕೊಂಡು, ತಂಗಿಗೆ ಫೋನು ಮಾಡಿ, "ಯಾಕಮ್ಮನಿಗೆ ಔಷಧಿ ರೆಡಿ ಮಾಡಿಡು" ಎಂದರು.

ಆಸ್ಪತ್ರೆಯ ಕೊಳದಲ್ಲಿ ಪೆನ್ಸಿಲ್ ದಪ್ಪದ ನಾಲ್ಕು ಮೂತಿಗಳನ್ನು ಕೂರಿಸಿದ ದಿನ ಅಂಗಳದಲ್ಲಿ ಜನವೋ ಜನ. ಅಡುಗೆಮನೆಯವರು, ಗುಡಿಸುವವರು, ಬಿಳಿ ಕೋಟಿನ ಡಾಕ್ಟರುಗಳು, ಎಲ್ಲರೂ ಕತ್ತೆತ್ತಿ ನಿಂತಿದ್ದರು. ಮೇಸ್ತ್ರಿ ಗುಂಡಿ ಒತ್ತಿದ. ಪಂಪು ಎರಡು ಸಲ ಕೆಮ್ಮಿ, ನೀರು ಭರ್ರೆಂದು ಎದ್ದಿತು. ಏರಿತು, ಏರಿತು. ಎರಡನೇ ಮಹಡಿಯನ್ನು ದಾಟಿದ ಮೇಲೆ ಧಾರೆಗಳು ಹಿಂಜಿದ ಹತ್ತಿಯ ಹಾಗೆ ಚದುರಿ, ಬಿಳಿ ತುಂತುರಾಗಿ, ಸುಸ್ತಾಗಿ ಕೆಳಗೆ ಬಿದ್ದವು. ಹತ್ತು ಮೀಟರ್. ಇನ್ನೂ ಎರಡು ಮೀಟರ್ ಬಾಕಿ.

ಮೇಲಿನ ಕಿಟಕಿಯಿಂದ ತಂಗಿ ಇಣುಕಿ, ಇಲ್ಲ ಎಂದು ತಲೆಯಾಡಿಸಿದಳು. ಅವಳ ಹಿಂದಿನಿಂದ ಯಾಕಮ್ಮನ ದನಿ ಅಂಗಳದವರೆಗೂ ಕೇಳಿತು.

"ಬಂತಾ? ಯಾಕೆ ಬರ್ಲಿಲ್ಲ? ಅವರು ಹೇಳಿದ್ರೆ ಬರತ್ತೆ ಅಂದಿದ್ರಲ್ಲ!"

ಮ್ಯಾನೇಜರ್ ಸಾಹೇಬರು ಕೆಟ್ಟವರಲ್ಲ, ಮೆಲ್ಲಗೆ, "ಹೋಗ್ಲಿ ಬಿಡಿ ಮೇಡಂ, ನೀವೇನು ಮಾಡೋಕಾಗತ್ತೆ. ಮಣ್ಣಿನ ಲಾರಿ ಹೇಗೂ ಸೋಮವಾರ ಬರತ್ತೆ" ಎಂದರು. ಆ ಸಮಾಧಾನದ ಮಾತು ಬೈಗುಳಕ್ಕಿಂತ ಜೋರಾಗಿ ನಾಟಿತು.

ಮನೆಗೆ ಬಂದ ಮೇಡಂ ಯಾರ ಮೇಲೂ ಕೂಗಾಡಲಿಲ್ಲ, ಪಾತ್ರೆಗಳ ಮೇಲೆ ತೀರಿಸಿಕೊಂಡರು. ಮುಚ್ಚಳಗಳು ಢಣಢಣ ಎನ್ನುತ್ತಿದ್ದವು. "ಸೂಜಿಯಲ್ಲಿ ಚೆನ್ನಾಗಿ ಬಂತಲ್ಲ ಕಣ್ರೀ! ಅನುಪಾತ ಅದೇ, ನೀರು ಅದೇ, ಗಾಳಿ ಅದೇ! ಚಿಕ್ಕದರಲ್ಲಿ ಸೆಟೆದು ನಿಂತಿದ್ದು ದೊಡ್ಡದರಲ್ಲಿ ಯಾಕೆ ಚಿಂದಿಯಾಯ್ತು? ಆ ಮಗು ನನ್ನನ್ನ ಸುಳ್ಳಿ ಅಂದ್ಕೊಂಡಿರತ್ತೆ."

ಗಂಡ ಅರ್ಧ ಹೊಲಿದ ಪ್ಯಾಂಟು ಕೆಳಗಿಟ್ಟು ಯೋಚಿಸಿದರು. ಅವರಿಗೆ ನೀರಿನ ಲೆಕ್ಕ ಗೊತ್ತಿರಲಿಲ್ಲ. ಹೆಂಡತಿಯ ಮುಖಕ್ಕೆ ನಗು ಬರಿಸಬೇಕು ಎನ್ನುವುದಷ್ಟೇ ಗೊತ್ತಿತ್ತು. ಅದಕ್ಕೆ ಮೊಳೆಯಿಂದ ಗೊಂಬೆಯ ಅಂಗಿ ತೆಗೆದು, ಊಟದ ಮೇಜಿನ ಮೇಲೆ ನಿಲ್ಲಿಸಿ, ಅದರ ತೋಳು ಹಿಡಿದು ಆಡಿಸುತ್ತಾ, ಸಣ್ಣ ದನಿಯಲ್ಲಿ, "ಮೇಡಂ ಮೇಡಂ, ಅಳಬೇಡಿ ಮೇಡಂ, ನಾನಿದೀನಿ" ಎಂದರು.

ಮೇಡಂ ನಗಲಿಲ್ಲ. ಅಂಗಿಯನ್ನೇ ನೋಡಿದರು. ಸೆಟೆದು ನಿಂತ ಅಂಗಿ. ಗೋಡೆಗೆ ನೇತುಹಾಕಿದ್ದ ದೊಡ್ಡ ಅಂಗಿಯನ್ನು ನೋಡಿದರು. ಜೋತುಬಿದ್ದ ಅಂಗಿ. ಆಮೇಲೆ ತಮ್ಮ ಹಣೆಯನ್ನು ತಾವೇ ಫಟ್ಟೆಂದು ಬಡಿದುಕೊಂಡರು.

"ಅಯ್ಯೋ ನನ್ನ ಬುದ್ಧಿಗಿಷ್ಟು! ಬಟ್ಟೆ ದಪ್ಪ ಕಣ್ರೀ! ಬಟ್ಟೆ ದಪ್ಪ!"

ಗಂಡ ಬೆಚ್ಚಿ ಅಂಗಿಯನ್ನು ಮುಟ್ಟಿ ನೋಡಿದರು. "ಯಾಕೆ, ಚೆನ್ನಾಗಿಯೇ ಇದೆಯಲ್ಲ?"

"ನೀರಿಗೂ ಒಂದು ಮೈಯ ಬಿಗಿತ ಇರತ್ತೆ. ಮಾದರಿ ಚಿಕ್ಕದು ಮಾಡಿದ್ರೆ ಅದು ಚಿಕ್ಕದಾಗಲ್ಲ. ಸೂಜಿಯ ಸಣ್ಣ ಧಾರೆಗೆ ಆ ಬಿಗಿತ ಈ ಗೊಂಬೆ ಅಂಗಿಯ ಬಟ್ಟೆ ಥರ, ಹಿಡಿದು ನಿಲ್ಲಿಸ್ತು. ಹತ್ತು ಪಟ್ಟು ದೊಡ್ಡದು ಮಾಡಿದ್ರೆ ಅದರ ಜೋರು ನೂರರಲ್ಲಿ ಒಂದು ಪಾಲು. ಗಾಳಿ ಬಂದು ಹರಿದುಹಾಕ್ತು. ಎಲ್ಲ ಹುಡುಗರಿಗೂ ಹೇಳಿಕೊಟ್ಟು ನಾನೇ ಆ ಅನುಪಾತನ ಹೊರಗೆ ದಬ್ಬಿದೆ, ನೋಡಿ!" ಎಂದು ಹೇಳಿ, ಈಗ ಹೊಟ್ಟೆ ಹಿಡಿದುಕೊಂಡು ನಕ್ಕರು. ತಪ್ಪು ಸಿಕ್ಕಿದ್ದಕ್ಕೆ ಅಷ್ಟು ಸಂತೋಷ ಪಟ್ಟವರನ್ನು ಗಂಡ ಬೇರೆಲ್ಲೂ ಕಂಡಿರಲಿಲ್ಲ.

"ಸರಿ, ತಪ್ಪು ಸಿಕ್ತು. ನೀರು ಹೇಗೆ ಏರತ್ತೆ?" ಎಂದರು ಗಂಡ.

ಅದಕ್ಕೆ ಬೆಳಗಿನ ಸೋಲೇ ಉತ್ತರ ಇಟ್ಟುಕೊಂಡಿತ್ತು. ಕೈ ಒದ್ದೆ ಮಾಡಿಕೊಂಡಾಗಿತ್ತಲ್ಲ! ಹದಿನೈದು ಮೀಟರಿನಲ್ಲಿ ಗಾಳಿ ತಿಂದದ್ದು ಐದು, ಅಂದರೆ ಮೂರರಲ್ಲಿ ಒಂದು ಪಾಲು. ಹೀಗೆ ಚದುರಿದ ನೀರಿನಲ್ಲಿ ಗಾಳಿ ತಿನ್ನುವ ಪಾಲು ಆ ಮೊದಲನೇ ಅನುಪಾತದ ಪ್ರಕಾರ ನಡೆಯುತ್ತದೆ. ತೆಳ್ಳಗಿನ ಧಾರೆಗೆ ಹೆಚ್ಚು ಪೆಟ್ಟು, ದಪ್ಪ ಧಾರೆಗೆ ಕಡಿಮೆ. ದಪ್ಪ ಎರಡು ಪಟ್ಟಾದರೆ ನಷ್ಟ ಹೆಚ್ಚುಕಡಿಮೆ ಅರ್ಧ. ಐದರ ಬದಲು ಎರಡೂವರೆ. ಹನ್ನೆರಡೂವರೆ ಮೀಟರ್ ಏರುತ್ತದೆ, ಕಿಟಕಿ ದಾಟಿ ಒಂದು ಮೊಳ ಮೇಲಕ್ಕೆ!

"ದಪ್ಪ ಧಾರೆಗೆ ನೀರು ಜಾಸ್ತಿ ಬೇಡ್ವಾ? ಪಂಪು ಅದೇ ಹಳೇದು."

"ಅಲ್ಲೇ ಇರೋದು ಮಜಾ! ದಪ್ಪ ಎರಡು ಪಟ್ಟಾದ್ರೆ ಬಾಯಿಯ ವಿಸ್ತೀರ್ಣ ನಾಲ್ಕು ಪಟ್ಟು. ಎರಡು ಪಟ್ಟು ದಪ್ಪದ ಒಂದು ಮೂತಿ ಕುಡಿಯೋ ನೀರೂ, ಈಗಿರೋ ನಾಲ್ಕು ಮೂತಿ ಕುಡಿಯೋ ನೀರೂ ಒಂದೇ. ನಾಲ್ಕನ್ನೂ ತೆಗೆದು ಒಂದೇ ಒಂದು ದಪ್ಪ ಮೂತಿ ಹಾಕಿದ್ರೆ ಮುಗೀತು."

ಮ್ಯಾನೇಜರ್ ಸಾಹೇಬರು ಜಪ್ಪಯ್ಯ ಅಂದರೂ ಒಪ್ಪಲಿಲ್ಲ. "ನಾಲ್ಕಿದ್ರೆ ಲಕ್ಷಣ ಅಂದಿದ್ದೆ. ಒಂದೇ ಒಂದು ಅಂದ್ರೆ ನಲ್ಲಿ ಒಡೆದ ಹಾಗೆ ಕಾಣತ್ತೆ ಮೇಡಂ. ಬರೋರು ಹೋಗೋರು ನಗ್ತಾರೆ."

"ಬರೋರು ಹೋಗೋರಿಗೆ ಅಲ್ಲ ಸರ್ ಇದು, ಬರೋಕೂ ಹೋಗೋಕೂ ಆಗದೆ ಮಲಗಿರೋರಿಗೆ" ಎಂದು ಮೇಡಂ ಸ್ವಲ್ಪ ಖಾರವಾಗಿಯೇ ಹೇಳಿದರು. ಸಾಹೇಬರು ಗೊಣಗುತ್ತಾ, ಲಾರಿ ಬರುವ ಮುಂಚೆ ಭಾನುವಾರ ಒಂದು ಸಲ ನೋಡಿ, ಅಷ್ಟೇ ಎಂದರು. ಮೇಸ್ತ್ರಿ ಹೆಬ್ಬೆರಳು ದಪ್ಪದ ಹಿತ್ತಾಳೆ ಮೂತಿಯೊಂದನ್ನು ಕಡೆಸಿ, ಒಳಗೆಲ್ಲ ನುಣ್ಣಗೆ ಉಜ್ಜಿಸಿ ತಂದ.

ಭಾನುವಾರ ಬೆಳಿಗ್ಗೆ ಮೇಡಂ ಅಂಗಳದಲ್ಲಿ ನಿಲ್ಲಲಿಲ್ಲ. ಗಂಡನನ್ನು ಮೇಸ್ತ್ರಿಯ ಜೊತೆ ಬಿಟ್ಟು, ಸೀದಾ ಮೂರನೇ ಮಹಡಿಗೆ ಹತ್ತಿ, ಯಾಕಮ್ಮನ ಪಕ್ಕದ ಸ್ಟೂಲಿನ ಮೇಲೆ ಕುಳಿತರು. ತಲೆಯನ್ನು ದಿಂಬಿನ ಮಟ್ಟಕ್ಕೆ ಬಗ್ಗಿಸಿಕೊಂಡರು. ಕಿಟಕಿಯಲ್ಲಿ ನೀಲಿ ಆಕಾಶ ಬಿಟ್ಟರೆ ಏನೂ ಇರಲಿಲ್ಲ.

"ಈ ಸಲಾನೂ ಸುಳ್ಳಾ?" ಎಂದಳು ಯಾಕಮ್ಮ.

"ಹೋದ ಸಲ ತಪ್ಪಾಗಿತ್ತು, ಸುಳ್ಳಲ್ಲ. ಒಂದು ಅನುಪಾತ ಬಿಟ್ಟುಹೋಗಿತ್ತು."

"ಯಾಕೆ ಬಿಟ್ರಿ?"

"ದುರಹಂಕಾರ ಕಣಮ್ಮ" ಎಂದರು ಮೇಡಂ. ಕೆಳಗೆ ಪಂಪು ಕೆಮ್ಮಿತು. ತಂಗಿ ಔಷಧಿ ಲೋಟ ಹಿಡಿದು ಮಂಚದ ಪಕ್ಕ ಬಂದು ನಿಂತಳು. ಯಾರೋ ಕೆಳಗೆ "ಹೋ" ಎಂದರು. ಕಿಟಕಿಯಲ್ಲಿ ಇನ್ನೂ ಆಕಾಶವೇ.

ಆಮೇಲೆ ಗೋಡೆಯ ಅಂಚಿನ ಹಿಂದಿನಿಂದ ಒಂದು ಬಿಳಿ ತಲೆ ಇಣುಕಿತು. ತಗ್ಗಿತು. ಮತ್ತೆ ಎದ್ದಿತು, ಈ ಸಲ ಭುಜದವರೆಗೂ. ಅಲ್ಲೇ ನಿಂತುಕೊಂಡು, ಬಿಸಿಲಿನಲ್ಲಿ ಫಳಫಳ ಹೊಳೆಯುತ್ತಾ ಕುಣಿಯತೊಡಗಿತು.

ವಾರ್ಡು ಕಿತ್ತುಹೋಗುವಂತೆ ಮಕ್ಕಳು ಕಿರುಚಿದರು. ಕೈ ಕಟ್ಟಿದವರು ಕಾಲು ಬಡಿದರು, ಕಾಲು ಕಟ್ಟಿದವರು ಮಂಚ ಬಡಿದರು. "ನಮ್ಮನ್ನ ನೋಡೋಕೆ ಬಂತು, ನಮ್ಮನ್ನ ನೋಡೋಕೆ ಬಂತು" ಎಂದು ಒಬ್ಬ ಕೂಗುತ್ತಲೇ ಇದ್ದ. ಮೇಡಂ ಸ್ಟೂಲಿನ ಮೇಲೆ ಕುಳಿತಲ್ಲೇ ಅತ್ತುಬಿಟ್ಟರು, ಸಂತೋಷ ತಡೆಯಲಾಗಲಿಲ್ಲ. ಯಾಕಮ್ಮ ಲೋಟ ತೆಗೆದುಕೊಂಡು ಔಷಧಿಯನ್ನು ಗಟಗಟ ಕುಡಿದಳು, ಕಣ್ಣು ಮಾತ್ರ ನೀರಿನ ಮೇಲಿಂದ ಕದಲಿಸಲಿಲ್ಲ. ಮುಖ ಕಿವುಚಲು ನೆನಪೇ ಆಗಲಿಲ್ಲ ಅವಳಿಗೆ.

ಅಷ್ಟರಲ್ಲಿ ಮ್ಯಾನೇಜರ್ ಸಾಹೇಬರು ಏದುಸಿರು ಬಿಡುತ್ತಾ ಬಂದರು. "ಮೇಡಂ, ಕೆಳಗಿನಿಂದ ನೋಡಿದ್ರೆ ಲಕ್ಷಣವಾಗಿಲ್ಲ. ನಾನು ಮೊದಲೇ ಹೇಳಿದ್ದೆ, ಒಂದೇ ಒಂದು..."

ತಂಗಿ ಮಾತು ಮುಗಿಸಲು ಬಿಡಲಿಲ್ಲ. ಸಾಹೇಬರ ತೋಳು ಹಿಡಿದು ಖಾಲಿ ಹಾಸಿಗೆ ತೋರಿಸಿ, "ಮಲ್ಕೊಳ್ಳಿ ಸರ್" ಎಂದಳು. ಆ ದನಿಗೆ ದೊಡ್ಡ ಡಾಕ್ಟರುಗಳೇ ಹೆದರುತ್ತಿದ್ದರು. ಸಾಹೇಬರು ಬೂಟು ಬಿಚ್ಚಿ, ಪೆಚ್ಚುಪೆಚ್ಚಾಗಿ ಮಲಗಿ, ಕತ್ತು ತಿರುಗಿಸಿದರು. ಕಿಟಕಿಯಲ್ಲಿ ನೀರು ಎದ್ದು ಬಿದ್ದು ಎದ್ದು ಬಿದ್ದು ಆಡುತ್ತಿತ್ತು. ಅವರು ಬಹಳ ಹೊತ್ತು ಏಳಲೇ ಇಲ್ಲ. ಕೊನೆಗೆ ಕೆಳಗೆ ಮೇಸ್ತ್ರಿ ಪರೀಕ್ಷೆ ಮುಗಿಯಿತೆಂದು ಪಂಪು ಆರಿಸಿದಾಗ, ನೀರಿನ ತಲೆ ಸರಕ್ಕನೆ ಮಾಯವಾಯಿತು. ಸಾಹೇಬರು ದಡಬಡ ಎದ್ದು, ಬರಿಗಾಲಲ್ಲಿ ಕಿಟಕಿಗೆ ಓಡಿ, "ಏಯ್, ನಿಲ್ಲಿಸ್ಬೇಡ್ರೋ! ಯಾರೋ ಅದು ನಿಲ್ಲಿಸಿದ್ದು? ಹಾಕ್ರೋ!" ಎಂದು ಬೊಬ್ಬೆ ಹೊಡೆದರು. ಮಣ್ಣಿನ ಲಾರಿಯ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ.

ಯಾಕಮ್ಮನ ಮೂಳೆ ಕೂಡಿತು. ಮನೆಗೆ ಹೊರಟ ದಿನ ಅವಳು ಊರುಗೋಲು ಊರಿಕೊಂಡು, ಮೊದಲು ಕೊಳದ ಹತ್ತಿರ ಹೋಗಬೇಕೆಂದು ಹಟ ಹಿಡಿದಳು. ಅವಳನ್ನು ಕಳಿಸಿಕೊಡಲು ಮೇಡಂ ಕ್ಲಾಸು ಬಿಟ್ಟು ಬಂದಿದ್ದರು. ಮಗು ಕೊಳದ ಕಟ್ಟೆಯ ಬಳಿ ನಿಂತು ಆ ಒಂಟಿ ಧಾರೆಯನ್ನು ಬುಡದಿಂದ ತುದಿಯವರೆಗೆ ನೋಡಿದಳು. ಮೇಲೆ ಮೂರನೇ ಮಹಡಿಯ ಕಿಟಕಿಯನ್ನು ನೋಡಿದಳು. ಮತ್ತೆ ಧಾರೆಯನ್ನು ನೋಡಿ ಮೂಗು ಮುರಿದಳು.

"ಇಷ್ಟೇನಾ? ಇಲ್ಲಿಂದ ಏನೂ ಚೆನ್ನಾಗಿಲ್ಲ. ನಾವು ಮಲ್ಕೊಂಡು ನೋಡ್ತಿದ್ವಲ್ಲ, ಅಲ್ಲಿಂದಾನೇ ಚೆಂದ."

ಮೇಡಂ ಅವಳನ್ನು ಊರುಗೋಲಿನ ಸಮೇತ ಎತ್ತಿ ಅಪ್ಪಿಕೊಂಡರು. "ಹೌದು ಕಣೇ" ಎಂದರು. "ಅಲ್ಲಿಂದ ನೋಡೋಕೇ ಮಾಡಿದ್ದು."